ಕುರ್ಚಿ ಖಾಲಿಯಾದಾಗ ಹೂಡಿಕೆದಾರ ಯಾರನ್ನು ನಂಬಬೇಕು?

(ಕುಂದಗೋಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಕಂಪನಿಯ ಮುಖ್ಯಸ್ಥರು, ಎಲ್ಲರೂ ಸಿಇಒ ಎಂದು ಕರೆಯುವವರು, ಕೆಲಸ ಬಿಟ್ಟು ಹೋದಾಗ ಅಲ್ಲಿ ಹಣ ಹಾಕಿದವರ ನಂಬಿಕೆ ಏನಾಗುತ್ತದೆ ಎಂಬುದು ಇವತ್ತಿನ ನನ್ನ ವಿಷಯ. ಸವಾಯಿ ಗಂಧರ್ವರ ಊರಿನಲ್ಲಿ, ಮೆಣಸಿನಕಾಯಿ, ಹತ್ತಿ, ಶೇಂಗಾ ಬೆಳೆಯುವ ಸೀಮೆಯಲ್ಲಿ ನಿಂತು ಇಂಥ ವಿಷಯ ಎತ್ತಿಕೊಂಡದ್ದೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲಿ ಕೂತವರಲ್ಲಿ ಬಹಳ ಜನರ ಮನೆಯಲ್ಲಿ ಒಂದಾದರೂ ಎಲ್‌ಐಸಿ ಪಾಲಿಸಿ ಇದ್ದೀತು. ಎಲ್‌ಐಸಿ ದೇಶದ ಹೆಸರಾಂತ ಕಂಪನಿಗಳ ದೊಡ್ಡ ಷೇರುದಾರ. ಇನ್ಫೋಸಿಸ್‌ನಲ್ಲಿಯೂ ಅದರ ಪಾಲು ದೊಡ್ಡದು. 2006ರ ಏಪ್ರಿಲ್ 1ರ ನಂತರ ಸರ್ಕಾರಿ ನೌಕರಿಗೆ ಸೇರಿದ ಶಿಕ್ಷಕರು ಈ ಸಭೆಯಲ್ಲಿದ್ದೀರಿ. ನಿಮ್ಮ ಪಗಾರದಿಂದ ಕಡಿತವಾಗುವ ಎನ್‌ಪಿಎಸ್ ಹಣದಲ್ಲಿ ಒಂದು ಪಾಲು ಷೇರುಪೇಟೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಮಗನೋ ಮಗಳೋ ಅಪ್ಪನ ಹೆಸರಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಎಸ್‌ಐಪಿ ಕಟ್ಟುತ್ತಿರುವ ಮನೆಗಳೂ ಈಗ ಹಳ್ಳಿಹಳ್ಳಿಯಲ್ಲಿವೆ. ಅಂದಮೇಲೆ ಕಂಪನಿಯ ಮುಖ್ಯಸ್ಥ ಎದ್ದು ಹೋದರೆ ಅದು ದಲಾಲ್ ಸ್ಟ್ರೀಟಿನವರ ಚಿಂತೆ, ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವ ಕಾಲ ಹೋಯಿತು.

ಇನ್ನೊಂದು ಕಾರಣವೂ ಇದೆ. ಷೇರಿನ ಮಾತು ಬಿಡಿ, ಪತ್ತಿನ ಸೊಸೈಟಿಯಲ್ಲಿ ಠೇವು ಇಟ್ಟವರು ಈ ಊರಿನಲ್ಲಿ ಸಾಕಷ್ಟು ಜನ ಇದ್ದಾರೆ. ಸೊಸೈಟಿಯ ಸೆಕ್ರೆಟರಿ ಬದಲಾದ ಮರುದಿನ ಕೌಂಟರಿನ ಮುಂದೆ ಏಳುವ ಪ್ರಶ್ನೆ ಒಂದೇ: "ಅವರ ಹ್ವಾದ್ರಂತಲ್ರಿ, ಇನ್ನ ನಮ್ಮ ರೊಕ್ಕದ ಗತಿ ಏನ್ರಿ?" ಈ ಪ್ರಶ್ನೆ ಕೇಳುವವರನ್ನು ನೋಡಿ ಯಾರೂ ನಗಬಾರದು. ನ್ಯೂಯಾರ್ಕಿನ ಫಂಡ್ ಮ್ಯಾನೇಜರ್ ಇದನ್ನೇ ಕೇಳುತ್ತಾನೆ, ಅವನ ಪ್ರಶ್ನೆಗೆ ಕೋಟಿಗಟ್ಟಲೆ ರೂಪಾಯಿಯ ತೂಕ ಇರುತ್ತದೆ, ಅಷ್ಟೇ.

ದತ್ತಿ ಉಪನ್ಯಾಸ ಎಂಬುದೇ ಈ ಪ್ರಶ್ನೆಗೆ ಹಿರಿಯರು ಕಂಡುಕೊಂಡ ಒಂದು ಉತ್ತರ. ಒಂದು ಮನೆತನ ಮೂಲಧನವನ್ನು ಸಂಸ್ಥೆಗೆ ಒಪ್ಪಿಸುತ್ತದೆ. ಮೂಲಧನ ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಪ್ರತಿ ವರ್ಷ ಉಪನ್ಯಾಸ ನಡೆಯಬೇಕು. ಹಣ ಇಸಿದುಕೊಂಡ ಅಧ್ಯಕ್ಷರು ಬದಲಾಗುತ್ತಾರೆ, ಕಾರ್ಯದರ್ಶಿ ಬದಲಾಗುತ್ತಾರೆ, ಹಣ ಕೊಟ್ಟವರೂ ಕಾಲವಾಗುತ್ತಾರೆ. ಆದರೂ ಉಪನ್ಯಾಸ ನಡೆಯುತ್ತದೆ, ಏಕೆಂದರೆ ಕರಾರು ಬರವಣಿಗೆಯಲ್ಲಿದೆ, ಲೆಕ್ಕ ಪುಸ್ತಕದಲ್ಲಿದೆ, ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಹತ್ತು ಜನ ನೋಡುತ್ತಾರೆ. ಕಂಪನಿಯಲ್ಲಿ ಹಣ ಹೂಡಿದವನು ಅಪೇಕ್ಷಿಸಬೇಕಾದದ್ದೂ ಇದನ್ನೇ ಎಂಬುದು ನನ್ನ ಮಾತಿನ ತಿರುಳು. ವ್ಯಕ್ತಿಯ ಮೇಲಿನ ಭರವಸೆಯಿಂದ ಹಣ ಹೂಡಲು ಶುರು ಮಾಡಬಹುದು, ಅದರ ಮೇಲೆಯೇ ನಿಂತುಬಿಟ್ಟರೆ ಆ ವ್ಯಕ್ತಿ ಹೋದ ದಿನ ಎಲ್ಲವೂ ಅಲುಗಾಡುತ್ತದೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಗಳನ್ನು ಎತ್ತಿಕೊಳ್ಳುತ್ತೇನೆ. ಮೊದಲನೆಯದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದರ ಪಾತ್ರಧಾರಿಗಳು ನಮಗೆ ಹತ್ತಿರದವರು.

ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಪುಣೆಯಲ್ಲಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ಉಳಿತಾಯದಿಂದ ಕೊಟ್ಟ 10,000 ರೂಪಾಯಿ ಅದರ ಮೊದಲ ಬಂಡವಾಳ. ಸ್ಥಾಪಕರು ಏಳು ಜನ. 1993ರಲ್ಲಿ 95 ರೂಪಾಯಿಗೊಂದರಂತೆ ಷೇರುಗಳನ್ನು ಸಾರ್ವಜನಿಕರಿಗೆ ಕೊಡಲು ಹೊರಟಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಎತ್ತಿಕೊಂಡಿತು. ನಂತರದ ಏರಿಕೆ ಎಲ್ಲರಿಗೂ ಗೊತ್ತು. ನಾರಾಯಣ ಮೂರ್ತಿ, ನಂದನ್ ನಿಲೇಕಣಿ, ಕ್ರಿಸ್ ಗೋಪಾಲಕೃಷ್ಣನ್, ಶಿಬುಲಾಲ್ ಹೀಗೆ 33 ವರ್ಷ ಸ್ಥಾಪಕರೇ ಒಬ್ಬರ ನಂತರ ಒಬ್ಬರು ಮುಖ್ಯಸ್ಥರಾದರು. ಕಂಪನಿ ಒಳ್ಳೆಯ ಹೆಸರು ಗಳಿಸಿದ್ದು ಲಾಭದಿಂದಷ್ಟೇ ಅಲ್ಲ, ಲೆಕ್ಕವನ್ನು ತೆರೆದು ತೋರಿಸುವ ರೂಢಿಯಿಂದ. 2014ರ ಆಗಸ್ಟ್ 1ರಂದು ಮೊದಲ ಬಾರಿಗೆ ಹೊರಗಿನವರೊಬ್ಬರು, ಜರ್ಮನಿಯ ಎಸ್‌ಎಪಿ ಕಂಪನಿಯಲ್ಲಿದ್ದ ವಿಶಾಲ್ ಸಿಕ್ಕಾ, ಆ ಕುರ್ಚಿಯಲ್ಲಿ ಕೂತರು.

ಮೂರು ವರ್ಷದೊಳಗೆ ಜಗಳ ಹತ್ತಿತು. ಜಗಳದ ವಿಷಯಗಳು ಮೂರು. ಕೆಲಸ ಬಿಟ್ಟ ಹಣಕಾಸು ಮುಖ್ಯಸ್ಥರಿಗೆ ಕೊಡಲು ಒಪ್ಪಿದ 17 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತ ಒಂದು. 2015ರಲ್ಲಿ 20 ಕೋಟಿ ಡಾಲರ್ ಕೊಟ್ಟು ಇಸ್ರೇಲಿನ ಪನಾಯಾ ಕಂಪನಿಯನ್ನು ಕೊಂಡದ್ದು ಸರಿಯೇ ಎಂಬುದು ಇನ್ನೊಂದು. ಸಿಕ್ಕಾ ಅವರ ಸಂಬಳ ಏರಿಸಿದ್ದು ಮತ್ತೊಂದು. ನಾರಾಯಣ ಮೂರ್ತಿಯವರು ಇವುಗಳನ್ನು ಬಹಿರಂಗವಾಗಿ ಪ್ರಶ್ನಿಸಿದರು. ಆಡಳಿತ ಮಂಡಳಿ ಹೊರಗಿನ ವಕೀಲರ ಸಂಸ್ಥೆಯಿಂದ ತನಿಖೆ ಮಾಡಿಸಿ ತಪ್ಪೇನೂ ಕಂಡುಬಂದಿಲ್ಲ ಎಂದಿತು. ಪೂರ್ತಿ ವರದಿಯನ್ನು ಮಾತ್ರ ಪ್ರಕಟಿಸಲಿಲ್ಲ. ಕೊನೆಗೆ 2017ರ ಆಗಸ್ಟ್ 18ರ ಶುಕ್ರವಾರ ಸಿಕ್ಕಾ ರಾಜೀನಾಮೆ ಕೊಟ್ಟರು. ತಮ್ಮ ಮೇಲೆ ಬಂದ ಆರೋಪಗಳು ಆಧಾರವಿಲ್ಲದವು, ವೈಯಕ್ತಿಕವಾದವು ಎಂದರು. ಮಂಡಳಿಯೂ ಅದೇ ದಿನ ಹೇಳಿಕೆ ಹೊರಡಿಸಿ ಮುಖ್ಯಸ್ಥರು ಹೋಗಲು ಮೂರ್ತಿಯವರೇ ಕಾರಣ ಎಂದು ಹೆಸರು ಹಿಡಿದು ದೂರಿತು.

ಇಲ್ಲಿಂದ ಮುಂದಿನ ಹತ್ತು ದಿನಗಳನ್ನು ಹತ್ತಿರದಿಂದ ನೋಡಿ. ಶುಕ್ರವಾರ ಒಂದೇ ದಿನ ಷೇರು ಶೇಕಡಾ 9ಕ್ಕೂ ಹೆಚ್ಚು ಬಿತ್ತು. ಶನಿವಾರ ಮಂಡಳಿ 13,000 ಕೋಟಿ ರೂಪಾಯಿಯ ಷೇರು ಮರುಖರೀದಿಗೆ ಒಪ್ಪಿಗೆ ಕೊಟ್ಟಿತು. ಷೇರೊಂದಕ್ಕೆ 1,150 ರೂಪಾಯಿ ಕೊಟ್ಟು ಕಂಪನಿಯೇ ಕೊಳ್ಳುತ್ತದೆ ಎಂದಿತು. ಪೇಟೆಯ ಬೆಲೆಗಿಂತ ಎಷ್ಟೋ ಮೇಲಿನ ದರ ಅದು. ಸಾಮಾನ್ಯ ಲೆಕ್ಕದಲ್ಲಿ ಸೋಮವಾರ ಷೇರು ಏಳಬೇಕಿತ್ತು. ಏಳಲಿಲ್ಲ, ಇನ್ನೂ ಶೇಕಡಾ 5ರಷ್ಟು ಬಿತ್ತು. ಎರಡೇ ವಹಿವಾಟಿನ ದಿನಗಳಲ್ಲಿ 1,020 ರೂಪಾಯಿಯ ಆಸುಪಾಸಿನಲ್ಲಿದ್ದದ್ದು 870ರ ಹತ್ತಿರ ಬಂತು. ಷೇರುದಾರರ ಆಸ್ತಿಯ ಲೆಕ್ಕದಲ್ಲಿ 30 ಸಾವಿರ ಕೋಟಿ ರೂಪಾಯಿಗೂ ಮೀರಿ ಕರಗಿತು. ಆ ಎರಡು ದಿನಗಳಲ್ಲಿ ಕಂಪನಿಯ ಗಿರಾಕಿಗಳು ಯಾರೂ ಓಡಿಹೋಗಿರಲಿಲ್ಲ. ಸುಮಾರು ಎರಡು ಲಕ್ಷ ನೌಕರರು ಎಂದಿನಂತೆ ಕೆಲಸಕ್ಕೆ ಬಂದರು. ಬ್ಯಾಂಕಿನಲ್ಲಿದ್ದ ನಗದು ಅಲ್ಲಿಯೇ ಇತ್ತು. ಹಾಗಾದರೆ ಬಿದ್ದದ್ದು ಯಾವುದು? ಮಂಡಳಿ ಒಂದು ಹೇಳುತ್ತದೆ, ಸ್ಥಾಪಕರು ಇನ್ನೊಂದು ಹೇಳುತ್ತಾರೆ, ಯಾರ ಮಾತು ನಿಜ ಎಂದು ತಿಳಿಯುವ ದಾರಿ ಹೊರಗಿನವರಿಗೆ ಇಲ್ಲ. ಆ ಗೊಂದಲಕ್ಕೆ ಪೇಟೆ ಕಟ್ಟಿದ ಬೆಲೆ ಅದು. 1,150 ರೂಪಾಯಿ ಕೊಡುತ್ತೇವೆಂದರೂ ಜನರ ಅಂಜಿಕೆ ನಿಲ್ಲಲಿಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ರೊಕ್ಕ ತೋರಿಸಿ ನಂಬಿಕೆ ಕೊಳ್ಳಲು ಬರುವುದಿಲ್ಲ.

ಆಗಸ್ಟ್ 23ರಂದು ಹನ್ನೆರಡು ಫಂಡ್ ಮ್ಯಾನೇಜರುಗಳು ಸೇರಿ ಮಂಡಳಿಗೆ ಪತ್ರ ಬರೆದು ನಂದನ್ ನಿಲೇಕಣಿಯವರನ್ನು ಕರೆಸಿ ಎಂದರು. 24ರ ರಾತ್ರಿ ನಿಲೇಕಣಿ ಅಧ್ಯಕ್ಷರಾಗಿ ಬಂದರು. ಅಧ್ಯಕ್ಷರಾಗಿದ್ದ ಶೇಷಸಾಯಿ, ಇಬ್ಬರು ನಿರ್ದೇಶಕರು ಮತ್ತು ಸಿಕ್ಕಾ ಮಂಡಳಿಯಿಂದ ಹೊರನಡೆದರು. ಮರುದಿನ ಗಣೇಶ ಚೌತಿ, ಪೇಟೆಗೆ ಸೂಟಿ. ಸೋಮವಾರ 28ಕ್ಕೆ ಪೇಟೆ ತೆರೆದಾಗ ಷೇರು ಏರಿತು. 13,000 ಕೋಟಿ ರೂಪಾಯಿ ಮಾಡದ ಕೆಲಸವನ್ನು ಒಬ್ಬ ಮನುಷ್ಯನ ಬರವು ಮಾಡಿತು. ನಿಲೇಕಣಿಯವರು ಹುಡುಗರಾಗಿದ್ದಾಗ ಸಂಬಂಧಿಕರ ಮನೆಯಲ್ಲಿದ್ದು ಧಾರವಾಡದಲ್ಲಿ ಓದಿದವರು. ಆದ್ದರಿಂದ ಆ ದಿನ ನಮ್ಮ ಜಿಲ್ಲೆಯವರು ಹೆಮ್ಮೆಪಟ್ಟಿದ್ದರೆ ಸಹಜ. ನನಗೂ ಸಂತೋಷವಾಗಿತ್ತು.

ಆದರೆ ಹೂಡಿಕೆದಾರನ ಕಣ್ಣಿನಿಂದ ನೋಡಿದರೆ ಆ ಸೋಮವಾರವನ್ನು ನಂಬಿಕೆ ಮರಳಿದ ದಿನ ಎಂದು ನಾನು ಕರೆಯಲಾರೆ. ಅದಕ್ಕೆ ಆಧಾರ ಎರಡು ತಿಂಗಳ ನಂತರದ ಒಂದು ಘಟನೆ. 2017ರ ಅಕ್ಟೋಬರ್ 24ರಂದು ನಿಲೇಕಣಿಯವರ ಅಧ್ಯಕ್ಷತೆಯ ಹೊಸ ಮಂಡಳಿ ಪನಾಯಾ ತನಿಖೆಯನ್ನು ಮತ್ತೊಮ್ಮೆ ಪರಿಶೀಲಿಸಿ, ತಪ್ಪು ನಡೆದಿಲ್ಲ ಎಂಬ ಹಳೆಯ ತೀರ್ಮಾನವೇ ಸರಿ ಎಂದಿತು. ಪೂರ್ತಿ ವರದಿ ಪ್ರಕಟಿಸುವುದಿಲ್ಲ ಎಂದೂ ಹೇಳಿತು. ಶೇಷಸಾಯಿಯವರ ಮಂಡಳಿ ಹೇಳಿದ್ದೂ ಅಕ್ಷರಶಃ ಇಷ್ಟೇ. ಮೂರ್ತಿಯವರು ನಿರಾಶೆ ತೋಡಿಕೊಂಡರು. ಪೇಟೆ ಮಾತ್ರ ಈ ಸಲ ಒಪ್ಪಿಕೊಂಡು ಸುಮ್ಮನಾಯಿತು. ಹೇಳಿದ ಮಾತು ಒಂದೇ, ಹೇಳಿದ ಬಾಯಿ ಬೇರೆ. ಹೂಡಿಕೆದಾರರು ಮಾತನ್ನು ತೂಗಿ ನೋಡಲಿಲ್ಲ, ಮುಖ ನೋಡಿ ಒಪ್ಪಿದರು. ಬೇನೆ ಕಡಿಮೆಯಾಯಿತು ನಿಜ, ರೋಗ ಹೋಯಿತೇ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಸ್ಥಾಪಕರು ಇನ್ನೂ ಗಟ್ಟಿಮುಟ್ಟಾಗಿದ್ದರು, ಕರೆದರೆ ಬಂದರು. ಕರೆಯಲು ಯಾರೂ ಇಲ್ಲದ ಕಂಪನಿಯ ಗತಿ ಏನು?

ನಿಲೇಕಣಿಯವರ ದೊಡ್ಡತನ ನನಗೆ ಕಾಣುವುದು ಅವರು ಬಂದದ್ದರಲ್ಲಿ ಅಲ್ಲ, ಬಂದ ಮೇಲೆ ಮುಖ್ಯಸ್ಥರ ಕುರ್ಚಿಯಲ್ಲಿ ತಾವೇ ಕೂಡದೆ ಇದ್ದದ್ದರಲ್ಲಿ. ನಡುವಿನ ಅವಧಿಗೆ ಕಂಪನಿಯಲ್ಲೇ ಬೆಳೆದ ಪ್ರವೀಣ್ ರಾವ್ ಆಡಳಿತ ನೋಡಿಕೊಂಡರು. ಹುಡುಕಾಟ ನಡೆಸಿ, 2017ರ ಡಿಸೆಂಬರಿನಲ್ಲಿ ಕ್ಯಾಪ್‌ಜೆಮಿನಿಯಲ್ಲಿದ್ದ ಸಲೀಲ್ ಪಾರೇಖ್ ಅವರ ಹೆಸರು ಪ್ರಕಟಿಸಿದರು; 2018ರ ಜನವರಿ 2ರಂದು ಅವರು ಅಧಿಕಾರ ವಹಿಸಿಕೊಂಡರು. ಎರಡನೆಯ ಹೊರಗಿನವರು. ಸಂಬಳದ ಕರಾರು ಎಲ್ಲರಿಗೂ ಕಾಣುವಂತೆ ಷೇರುದಾರರ ಮುಂದೆ ಬಂತು. ಬಹಿರಂಗ ಜಗಳದ ಸದ್ದು ಅಡಗಿತು.

ನಿಜವಾದ ಪರೀಕ್ಷೆ ಬಂದದ್ದು 2019ರ ಅಕ್ಟೋಬರಿನಲ್ಲಿ. ಹೆಸರು ಹೇಳದ ಕೆಲವು ನೌಕರರು ಪತ್ರ ಬರೆದು, ಮುಖ್ಯಸ್ಥರೂ ಹಣಕಾಸು ಮುಖ್ಯಸ್ಥರೂ ಲೆಕ್ಕವನ್ನು ತಿರುಚುತ್ತಿದ್ದಾರೆ ಎಂದು ಆರೋಪಿಸಿದರು. ಅಕ್ಟೋಬರ್ 22ರಂದು ಷೇರು ಒಂದೇ ದಿನ ಶೇಕಡಾ 16ರಷ್ಟು ಬಿತ್ತು. ಸಿಕ್ಕಾ ಹೋದ ದಿನಕ್ಕಿಂತ ಹೆಚ್ಚು. ಈ ಸಲ ಮಂಡಳಿ ಯಾರನ್ನೂ ದೂರಲಿಲ್ಲ. ದೂರನ್ನು ಲೆಕ್ಕಪರಿಶೋಧನಾ ಸಮಿತಿಗೆ ಒಪ್ಪಿಸಿತು, ಹೊರಗಿನ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ನೇಮಿಸಿತು. 2020ರ ಜನವರಿ 10ರಂದು ಆರೋಪಗಳಿಗೆ ಆಧಾರ ಸಿಗಲಿಲ್ಲ ಎಂದು ತನಿಖೆಯ ಸಾರವನ್ನು ಮುಂದಿಟ್ಟಿತು. ಮಾರ್ಚಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗವೂ ತನ್ನ ತನಿಖೆಯನ್ನು ಮುಗಿಸಿತು ಎಂದು ಕಂಪನಿ ತಿಳಿಸಿತು. ಇನ್ಫೋಸಿಸ್‌ನಲ್ಲಿ ಹೂಡಿಕೆದಾರರ ನಂಬಿಕೆ ಮರಳಿದ ದಿನ ಯಾವುದೆಂದು ನನ್ನನ್ನು ಕೇಳಿದರೆ ಈ ಜನವರಿ 10 ಎನ್ನುತ್ತೇನೆ. ಅಂದು ಜನ ನಂಬಿದ್ದು ಒಂದು ಪದ್ಧತಿಯನ್ನು.

ಎರಡನೆಯ ಪ್ರಸಂಗವನ್ನು ಗೌರವದಿಂದ, ಕಡಿಮೆ ಮಾತಿನಲ್ಲಿ ಹೇಳುತ್ತೇನೆ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು ಕಾಫಿಯನ್ನು ಬೀದಿಬೀದಿಗೆ ತಂದವರು. 2015ರಲ್ಲಿ ಅವರ ಕಾಫಿ ಡೇ ಎಂಟರ್‌ಪ್ರೈಸಸ್ ಷೇರು 328 ರೂಪಾಯಿಗೆ ಸಾರ್ವಜನಿಕರ ಕೈಗೆ ಬಂತು. 2019ರ ಜುಲೈ ಕೊನೆಯಲ್ಲಿ ನೇತ್ರಾವತಿ ನದಿಯ ಬಳಿ ಅವರನ್ನು ನಾಡು ಕಳೆದುಕೊಂಡಿತು. ಆ ದುಃಖದ ಮುಂದೆ ಷೇರಿನ ಲೆಕ್ಕ ಸಣ್ಣದು, ಆದರೂ ಹೇಳಲೇಬೇಕು. ದಿನದಿನವೂ ಷೇರು ಕೆಳಮಿತಿಗೆ ಹೋಗಿ ನಿಲ್ಲುತ್ತಿತ್ತು, ಮಾರೇನೆಂದರೂ ಕೊಳ್ಳುವವರಿರಲಿಲ್ಲ. ಗುಂಪಿನ ಒಟ್ಟು ಸಾಲ 7 ಸಾವಿರ ಕೋಟಿ ರೂಪಾಯಿ ದಾಟಿತ್ತು. ಮಂಡಳಿ ಮಾಡಿಸಿದ ತನಿಖೆ ಒಂದು ವರ್ಷದ ನಂತರ ಹೇಳಿದ್ದು, ಸಿದ್ಧಾರ್ಥ ಅವರ ಕುಟುಂಬದ ಸಂಸ್ಥೆಯೊಂದರಿಂದ ಕಂಪನಿಯ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಾಗಿದೆ ಎಂದು. ಹೊತ್ತಿಗೆ ಸರಿಯಾಗಿ ಲೆಕ್ಕ ಸಲ್ಲಿಸದ ಕಾರಣ 2020ರ ಫೆಬ್ರವರಿಯಿಂದ 2021ರ ಏಪ್ರಿಲ್‌ವರೆಗೆ ಷೇರಿನ ವಹಿವಾಟೇ ನಿಂತಿತ್ತು. 2023ರ ಜನವರಿಯಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಂಪನಿಗೆ 26 ಕೋಟಿ ರೂಪಾಯಿ ದಂಡ ಹಾಕಿತು. ಆ ಹದಿನಾಲ್ಕು ತಿಂಗಳು ಅಲ್ಲಿ ದುಡ್ಡು ಹಾಕಿದ ಸಣ್ಣ ಮನುಷ್ಯನ ಗತಿಯನ್ನು ಯೋಚಿಸಿ. ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದರೆ ನಷ್ಟಕ್ಕಾದರೂ ಮಾರಿ ಹೊರಬರುವ ಬಾಗಿಲೂ ಮುಚ್ಚಿತ್ತು.

ಈ ಪ್ರಸಂಗದಲ್ಲಿ ನನಗೆ ಕಾಣುವ ದೋಷ ಹೋದವರದ್ದಷ್ಟೇ ಅಲ್ಲ. ಅವರು ಇರುವಾಗ ಕಂಪನಿಯಿಂದ ಮನೆಯ ಸಂಸ್ಥೆಗೆ ಹಣ ಹೋಗುತ್ತಿದ್ದಾಗ ಕೇಳಬೇಕಾದವರು ಕೇಳಲಿಲ್ಲ. ಒಳ್ಳೆಯ ಮನುಷ್ಯ, ದೊಡ್ಡ ಮನುಷ್ಯ, ಅವರಿಗೆ ಗೊತ್ತಿಲ್ಲದ್ದೇನು ಎಂಬ ಭಾವನೆ ಮಂಡಳಿಯ ಕೊಠಡಿಯಲ್ಲಿ ಕೂತುಬಿಟ್ಟರೆ ಪ್ರಶ್ನೆ ಬಾಯಿಗೆ ಬರುವುದಿಲ್ಲ. ನಂತರ ಮಾಜಿ ಮುಖ್ಯ ಕಾರ್ಯದರ್ಶಿ ಎಸ್.ವಿ. ರಂಗನಾಥ್ ಹಂಗಾಮಿ ಅಧ್ಯಕ್ಷರಾದರು, 2020ರ ಡಿಸೆಂಬರಿನಲ್ಲಿ ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆಯವರು ಮುಖ್ಯಸ್ಥರ ಜವಾಬ್ದಾರಿ ಹೊತ್ತರು. ಈ ಇಬ್ಬರ ಅವಧಿಯಲ್ಲಿ ಕಂಪನಿ ಟೆಕ್ ಪಾರ್ಕ್ ಮಾರಿ, ಆಸ್ತಿ ಮಾರಿ, ಸಾಲದ ಬಹುಭಾಗ ತೀರಿಸಿತು. ಎದ್ದು ಓಡಿಹೋಗಬಹುದಾಗಿದ್ದ ಜಾಗದಲ್ಲಿ ನಿಂತು ಸಾಲ ಕೊಟ್ಟವರನ್ನು ಎದುರಿಸಿದ ಆ ಹೆಣ್ಣುಮಗಳ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೂ ಷೇರುದಾರನು ಕಳೆದುಕೊಂಡದ್ದು ಬಹುಪಾಲು ಕಳೆದೇ ಹೋಯಿತು.

ಮೂರನೆಯದು ಬ್ಯಾಂಕಿನ ಪ್ರಸಂಗ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಬ್ಯಾಂಕಿಗೆ 2023ರಲ್ಲಿ ಹೊರಗಿನವರಾದ ಶ್ರೀಕೃಷ್ಣನ್ ಹರಿಹರ ಶರ್ಮ ಮುಖ್ಯಸ್ಥರಾದರು. 2025ರ ಜೂನ್ ಕೊನೆಯಲ್ಲಿ ಅವರೂ ಕಾರ್ಯನಿರ್ವಾಹಕ ನಿರ್ದೇಶಕರೂ ರಾಜೀನಾಮೆ ಕೊಟ್ಟ ಸುದ್ದಿ ಬಂತು. ಕಾರಣ ವೈಯಕ್ತಿಕ ಎಂದಿತ್ತು. ಅದಕ್ಕೂ ಮೊದಲು ವಾರ್ಷಿಕ ಲೆಕ್ಕಪತ್ರದಲ್ಲಿ ಲೆಕ್ಕಪರಿಶೋಧಕರು ಒಂದು ಮಾತು ಬರೆದಿದ್ದರು: ಪೂರ್ಣಾವಧಿ ನಿರ್ದೇಶಕರು ಮಾಡಿದ 1.53 ಕೋಟಿ ರೂಪಾಯಿಯ ವೆಚ್ಚಕ್ಕೆ ಮಂಡಳಿ ಮಂಜೂರಾತಿ ಕೊಟ್ಟಿಲ್ಲ ಎಂದು. ಷೇರು ಬಿತ್ತು. ಅದೇ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದ ರಾಘವೇಂದ್ರ ಭಟ್ ಅವರಿಗೆ ಜುಲೈನಲ್ಲಿ ಹಂಗಾಮಿ ಹೊಣೆ ಬಂತು. ಅಷ್ಟು ದೊಡ್ಡ ಬ್ಯಾಂಕಿಗೆ ಒಂದೂವರೆ ಕೋಟಿ ಎಂಬುದು ಲೆಕ್ಕಕ್ಕೇ ಇಲ್ಲದ ಮೊತ್ತ. ಆದರೂ ಪರಿಶೋಧಕರು ಅದನ್ನು ಅಚ್ಚಿಗೆ ಹಾಕಿದರಲ್ಲ, ಅದನ್ನು ನಾನು ಒಳ್ಳೆಯ ಲಕ್ಷಣ ಎಂದೇ ಎಣಿಸುತ್ತೇನೆ. ಕಾಫಿ ಡೇಯಲ್ಲಿ ಸಾವಿರಾರು ಕೋಟಿ ಕಾಣದೆ ಹೋಯಿತು. ಇಲ್ಲಿ ಒಂದೂವರೆ ಕೋಟಿ ಕಂಡಿತು.

ಇಲ್ಲಿ ಷೇರುದಾರನಿಗೂ ಠೇವುದಾರನಿಗೂ ಇರುವ ಅಂತರವನ್ನು ತಿಳಿದುಕೊಳ್ಳಬೇಕು. ಷೇರುದಾರ ಲಾಭನಷ್ಟಕ್ಕೆ ಪಾಲುಗಾರ. ಠೇವು ಇಟ್ಟವನು ಸಾಲ ಕೊಟ್ಟವನು. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ, ಅಸಲು ಬಡ್ಡಿ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಯಿಂದ ಈ ಮಿತಿ ಜಾರಿಯಲ್ಲಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದರೆ 90 ದಿನದೊಳಗೆ ಆ ಹಣ ಕೊಡಬೇಕೆಂದು 2021ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಆದರೆ ಪತ್ತಿನ ಸಹಕಾರ ಸಂಘ ಬ್ಯಾಂಕು ಅಲ್ಲ. ಹೆಸರಿನಲ್ಲಿ ಪತ್ತು ಇದ್ದರೂ, ಬ್ಯಾಂಕಿನಂತೆಯೇ ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಎಲ್ಲ ಇದ್ದರೂ, ಅಲ್ಲಿನ ಠೇವಿಗೆ ಈ ವಿಮೆ ಇಲ್ಲ. ಇದನ್ನು ಬಹಳ ಜನ ತಿಳಿದುಕೊಂಡಿಲ್ಲ. ತಾಯಂದಿರು ವಿಶೇಷವಾಗಿ ಕಿವಿಗೊಟ್ಟು ಕೇಳಿ: ಅರ್ಧ ಪರ್ಸೆಂಟು ಬಡ್ಡಿ ಹೆಚ್ಚು ಸಿಗುತ್ತದೆಂದು ಹಣ ಇಡುವ ಮೊದಲು ಅದು ಬ್ಯಾಂಕೋ ಸೊಸೈಟಿಯೋ ಎಂದು ಕೇಳಿ.

ಮುಖ್ಯಸ್ಥರು ಹೋದಾಗಲೆಲ್ಲ ಹೀಗೆ ರಾಮಾಯಣವಾಗಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಟೈಟನ್ ಕಂಪನಿಯಲ್ಲಿ 2002ರಲ್ಲಿ ಜರ್ಕ್ಸೀಸ್ ದೇಸಾಯಿ ಅವರಿಂದ ಭಾಸ್ಕರ್ ಭಟ್, 2019ರಲ್ಲಿ ಅವರಿಂದ ಸಿ.ಕೆ. ವೆಂಕಟರಾಮನ್, ಹೀಗೆ ಅಧಿಕಾರ ಸದ್ದಿಲ್ಲದೆ ಕೈ ಬದಲಾಯಿಸಿತು. 2024ರ ಏಪ್ರಿಲ್‌ನಲ್ಲಿ ವಿಪ್ರೋದಿಂದ ತಿಯೆರಿ ಡೆಲಪೋರ್ಟ್ ಅವಧಿಗೆ ಮೊದಲೇ ಹೊರಟಾಗ ಹೋದವರ ಸುದ್ದಿ ಮತ್ತು ಬರುವವರ ಹೆಸರು ಒಟ್ಟಿಗೇ ಪ್ರಕಟವಾದವು. ಮೂರು ದಶಕ ಅಲ್ಲಿಯೇ ದುಡಿದ ಶ್ರೀನಿವಾಸ್ ಪಲ್ಲಿಯಾ ಮರುದಿನವೇ ಕುರ್ಚಿಯಲ್ಲಿ ಕೂತರು. 2011ರಲ್ಲಿ ಆಪಲ್ ಕಂಪನಿಯಿಂದ ಸ್ಟೀವ್ ಜಾಬ್ಸ್ ಇಳಿದಾಗ ಟಿಮ್ ಕುಕ್ ಅವರ ಹೆಸರೂ ಅದೇ ಪ್ರಕಟಣೆಯಲ್ಲಿತ್ತು. ಜಗತ್ತಿನ ಅಷ್ಟು ಹೆಸರಾಂತ ಮನುಷ್ಯ ಇಳಿದರೂ ಮರುದಿನ ಆ ಷೇರು ಶೇಕಡಾ ಒಂದರಷ್ಟೂ ಬೀಳಲಿಲ್ಲ.

ಸುದ್ದಿ ಬಂದ ದಿನ ಹೂಡಿಕೆದಾರ ಏನು ನೋಡಬೇಕು? ಷೇರುಪೇಟೆಗೆ ಕಂಪನಿ ಸಲ್ಲಿಸುವ ಸೂಚನಾಪತ್ರ ಒಂದೆರಡು ಹಾಳೆಯದು. ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಯಾರು ಬೇಕಾದರೂ ಓದಬಹುದು. ಇವತ್ತಿನ ವಿದ್ಯಾರ್ಥಿಗಳು ಅದನ್ನು ಮೊಬೈಲಿನಲ್ಲಿ ತೆರೆದು ಅಪ್ಪನಿಗೆ ಓದಿ ಹೇಳಬಹುದು. ಅದರಲ್ಲಿ ರಾಜೀನಾಮೆ ಯಾವ ದಿನದಿಂದ ಜಾರಿ ಎಂದು ಬರೆದಿರುತ್ತದೆ. ಮೂರು ತಿಂಗಳ ನಂತರದ ದಿನಾಂಕವಿದ್ದರೆ ಒಂದು ಅರ್ಥ, ತಕ್ಷಣದಿಂದ ಎಂದಿದ್ದರೆ ಇನ್ನೊಂದು. ಕಾರಣದ ಜಾಗದಲ್ಲಿ ವೈಯಕ್ತಿಕ ಎಂಬ ಒಂದೇ ಪದವಿದ್ದರೆ ಅಲ್ಲಿಗೆ ನಿಲ್ಲಬೇಡಿ. 2023ರಿಂದ ಸೆಬಿ ನಿಯಮದ ಪ್ರಕಾರ ಹೋಗುವವರ ರಾಜೀನಾಮೆ ಪತ್ರವನ್ನು ವಿವರವಾದ ಕಾರಣದ ಸಮೇತ, ರಾಜೀನಾಮೆ ಜಾರಿಯಾದ ಏಳು ದಿನದೊಳಗೆ ಬಹಿರಂಗಪಡಿಸಬೇಕು. ಆ ಪತ್ರಕ್ಕೆ ಕಾಯಿರಿ. ಖಾಲಿಯಾದ ಮುಖ್ಯಸ್ಥರ ಕುರ್ಚಿಯನ್ನು ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತುಂಬಬೇಕು. ಅದರ ಜೊತೆಗೆ ಹಣಕಾಸು ಮುಖ್ಯಸ್ಥರೋ ಲೆಕ್ಕಪರಿಶೋಧಕರೋ ಸ್ವತಂತ್ರ ನಿರ್ದೇಶಕರೋ ಹಿಂದುಮುಂದಾಗಿ ಹೊರಟಿದ್ದಾರೆಯೇ ನೋಡಿ. ಒಬ್ಬ ಮುಖ್ಯಸ್ಥ ಹೋಗುವುದು ದೊಡ್ಡ ಮಾತಲ್ಲ. ಲೆಕ್ಕ ಬರೆಯುವವರೂ ಲೆಕ್ಕ ನೋಡುವವರೂ ಅವರ ಬೆನ್ನಿಗೇ ಹೊರಟರೆ ಅದು ಎಚ್ಚರಿಕೆಯ ಗಂಟೆ. ಇಷ್ಟು ನೋಡುವ ಮೊದಲು ಗಾಬರಿಯಿಂದ ಮಾರಬೇಡಿ. 2017ರ ಆಗಸ್ಟ್ 21ರ ಸೋಮವಾರ 870 ರೂಪಾಯಿಗೆ ಇನ್ಫೋಸಿಸ್ ಷೇರು ಮಾರಿದ ಸಣ್ಣ ಷೇರುದಾರರು, ಅದೇ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಕಂಪನಿ 1,150ರಂತೆ ಮರುಖರೀದಿ ಮಾಡುವಾಗ ಹೊರಗೆ ನಿಂತು ನೋಡಬೇಕಾಯಿತು. ಎರಡು ಲಕ್ಷ ರೂಪಾಯಿಯೊಳಗಿನ ಷೇರು ಇಟ್ಟುಕೊಂಡವರಿಗೆಂದೇ ಆ ಖರೀದಿಯಲ್ಲಿ ಶೇಕಡಾ 15ರ ಪಾಲು ಮೀಸಲಿತ್ತು.

ಈ ಎಚ್ಚರ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಂದ ದೂರವೇನಲ್ಲದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಗದಗವೂ ಧಾರವಾಡ ಜಿಲ್ಲೆಯೇ. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಹೊಲ ಮನೆಗೂ ಬಿಸಿ ತಟ್ಟುತ್ತಿತ್ತು. ಹಾಗಿರುವಾಗ ಗೌಡರ ಮೇಲೆ ಎಷ್ಟೇ ಗೌರವವಿರಲಿ, ಲೆಕ್ಕ ಕೇಳದೆ ಇರಲು ಯಾರಿಗೂ ಆಗುತ್ತಿರಲಿಲ್ಲ. ಗೌರವವೂ ಇತ್ತು, ಲೆಕ್ಕವೂ ಇತ್ತು. ಪಾಟೀಲರು ಕಾಲವಾದ ಮೇಲೂ ಆ ಸಂಘದ ಹೆಸರು ಉಳಿದು, ಇವತ್ತಿಗೂ ಸಹಕಾರ ಚಳವಳಿಯ ಮಾತು ಬಂದಾಗ ಮೊದಲು ಕಣಗಿನಹಾಳವನ್ನೇ ನೆನೆಯುತ್ತಾರೆ. ಈಗ ಹೊಣೆಗಾರಿಕೆಗೆ ಮಿತಿ ಬಂದಿದೆ, ಅದು ಒಳ್ಳೆಯದೇ. ಅದರ ಜೊತೆಗೆ ಲೆಕ್ಕ ಕೇಳುವ ರೂಢಿಯೂ ಸಡಿಲವಾಯಿತು, ಅದು ನನಗೆ ಬೇಸರ ತರುತ್ತದೆ. ವಾರ್ಷಿಕ ಸರ್ವಸಾಧಾರಣ ಸಭೆ ಎಂದರೆ ಸಹಿ ಹಾಕಿ, ಊಟ ಮಾಡಿ, ಉಡುಗೊರೆ ತಗೊಂಡು ಬರುವ ಕಾರ್ಯಕ್ರಮ ಎಂದಾಗಿಬಿಟ್ಟಿದೆ. ಕಂಪನಿಯ ಸಭೆಗಳಿಗೆ ಈಗ ಮನೆಯಲ್ಲಿ ಕೂತು ಮೊಬೈಲಿನಿಂದಲೇ ಮತ ಹಾಕಬಹುದು. ಸಣ್ಣ ಷೇರುದಾರರಲ್ಲಿ ಬಹಳ ಜನ ಅಷ್ಟನ್ನೂ ಮಾಡುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಸೆಪ್ಟೆಂಬರಿನೊಳಗೆ ನಿಮ್ಮ ನಿಮ್ಮ ಸೊಸೈಟಿಗಳ ಸರ್ವಸಾಧಾರಣ ಸಭೆಗಳು ನಡೆಯುತ್ತವೆ. ತಪ್ಪದೆ ಹೋಗಿ. ಅಧ್ಯಕ್ಷರು, ಸೆಕ್ರೆಟರಿ ಎಷ್ಟೇ ಒಳ್ಳೆಯವರಿರಲಿ, ಆಡಿಟ್ ವರದಿಯ ಪ್ರತಿ ಕೇಳಿ ಇಸಿದುಕೊಳ್ಳಿ, ಆಡಿಟ್‌ನಲ್ಲಿ ಯಾವ ದರ್ಜೆ ಸಿಕ್ಕಿದೆ, ವಸೂಲಿಯಾಗದ ಸಾಲ ಎಷ್ಟು, ನಿರ್ದೇಶಕರ ಮನೆಯವರಿಗೆ ಕೊಟ್ಟ ಸಾಲ ಎಷ್ಟು ಎಂದು ಎದ್ದು ನಿಂತು ಕೇಳಿ. ಸೆಕ್ರೆಟರಿ ನಾಳೆ ಇಲ್ಲದಿದ್ದರೆ ಕೀಲಿಕೈ ಯಾರ ಕೈಗೆ ಎಂಬುದನ್ನು ಅವರು ಇರುವಾಗಲೇ ಠರಾವಿನಲ್ಲಿ ಬರೆಸಿ. ಕೇಳಿದರೆ ಅವರಿಗೆ ಬೇಸರವಾದೀತು ಎಂದು ಅಂಜಬೇಡಿ. ಒಳ್ಳೆಯ ಸೆಕ್ರೆಟರಿಗೆ ಲೆಕ್ಕ ಕೇಳುವ ಸದಸ್ಯರಿಗಿಂತ ದೊಡ್ಡ ಬೆಂಬಲ ಬೇರೆ ಇಲ್ಲ.